ಹಿಮದಡಿಯ ಎಳೆಮಣ್ಣು, ನಮ್ಮ ಗುಡ್ಡೆಯ ಮುದಿಮಣ್ಣು

ಹಿಮನದಿಗಳು ಹಿಂದೆ ಸರಿಯುತ್ತಿವೆ ಎಂಬ ಸುದ್ದಿ ಈಗ ಯಾರಿಗೂ ಹೊಸದಲ್ಲ. ಸಮುದ್ರ ಎಷ್ಟು ಏರುತ್ತದೆ, ಗಂಗೆಯ ನೀರಿನ ಗತಿ ಏನು ಅಂತ ಎಲ್ಲರೂ ಕೇಳುತ್ತಾರೆ. ಆದರೆ ಹಿಮ ಸರಿದ ಮೇಲೆ ಬಯಲಾಗುವ ನೆಲದ ಗತಿ ಏನು ಅಂತ ಕೇಳುವವರು ಕಡಿಮೆ. ನೂರಾರು ವರ್ಷ ಮಂಜುಗಡ್ಡೆಯ ಅಡಿಯಲ್ಲಿ ಅದುಮಿಟ್ಟಿದ್ದ ನೆಲ ಅದು. ಅಲ್ಲಿ ಕಲ್ಲಿದೆ, ಮರಳಿದೆ, ಕೆಸರಿದೆ. ಮಣ್ಣಿಲ್ಲ. ಬೇರಿಲ್ಲ, ಬೀಜವಿಲ್ಲ, ಕೊಳೆಯುವುದಕ್ಕೆ ಒಂದು ತರಗೆಲೆಯೂ ಇಲ್ಲ. ಹಾಗಿದ್ದರೂ ಇನ್ನೂರು ವರ್ಷ ಕಳೆದರೆ ಎಷ್ಟೋ ಕಡೆ ಅಲ್ಲಿ ದಟ್ಟ ಕಾಡು ನಿಂತಿರುತ್ತದೆ.

ಕಾಸರಗೋಡಿನವರಿಗೆ ಇದರಲ್ಲಿ ಏನು ಕೆಲಸ ಅಂತ ಕೇಳಬಹುದು. ಕೆಲಸ ಇದೆ. ಮಣ್ಣಿಗೂ ಒಂದು ಆಯುಸ್ಸು ಇದೆ. ಅದರ ಹುಟ್ಟನ್ನು ನೋಡಬೇಕಾದರೆ ಹಿಮನದಿಯ ಬುಡಕ್ಕೆ ಹೋಗಬೇಕು. ಮುಪ್ಪನ್ನು ನೋಡಬೇಕಾದರೆ ಎಲ್ಲಿಗೂ ಹೋಗಬೇಕಾಗಿಲ್ಲ, ಪೊಸಡಿ ಗುಂಪೆ ಹತ್ತಿದರೆ ಸಾಕು. ಅನಂತಪುರದ ಕೆರೆ ದೇವಸ್ಥಾನದ ಸುತ್ತಲಿನ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಬಯಲಿನಲ್ಲಿ ನಡೆದರೂ ಸಾಕು. ಎರಡೂ ಬೋಳು ನೆಲಗಳೇ. ಆದರೆ ಎರಡರ ಹಸಿವೂ ಬೇರೆ. ಎಳೆಮಣ್ಣಿಗೆ ಸಾರಜನಕದ ಹಸಿವು, ಮುದಿಮಣ್ಣಿಗೆ ರಂಜಕದ ಹಸಿವು. ಇದೊಂದು ಹಿಡಿದುಕೊಂಡರೆ ಉಳಿದ ಕಥೆ ಅದರ ಹಿಂದೆಯೇ ಬರುತ್ತದೆ.

ಹಿಮನದಿ ಅಂದರೆ ನಿಂತ ಮಂಜುಗಡ್ಡೆ ಅಲ್ಲ. ತನ್ನದೇ ಭಾರಕ್ಕೆ ನಿಧಾನವಾಗಿ ಇಳಿಜಾರಿನಲ್ಲಿ ಜಾರುತ್ತಲೇ ಇರುತ್ತದೆ. ಅಡಿಯಲ್ಲಿ ಕಲ್ಲುಬಂಡೆಗಳನ್ನು ಹಿಡಿದುಕೊಂಡು, ನೆಲದ ಬಂಡೆಯ ಮೇಲೆ ಉಜ್ಜುತ್ತಾ ಹೋಗುತ್ತದೆ. ಅರೆಯುವ ಕಲ್ಲಿನಲ್ಲಿ ಅಕ್ಕಿ ನುರಿದ ಹಾಗೆ ಬಂಡೆ ನುರಿದು ಸಣ್ಣ ಬೂದುಬಣ್ಣದ ಹಿಟ್ಟಾಗುತ್ತದೆ. ಹಿಮನದಿಯ ಬಾಯಿಯಿಂದ ಹೊರಡುವ ಹೊಳೆಗಳ ನೀರು ಹಾಲು ಬೆರೆಸಿದಂತೆ ಕಾಣುವುದು ಈ ಹಿಟ್ಟಿನಿಂದಲೇ. ಹಿಮ ಕರಗಿ ಹಿಂದೆ ಹೋದಾಗ ಹಿಟ್ಟು, ಜಲ್ಲಿ, ಆನೆಗಾತ್ರದ ಬಂಡೆ ಎಲ್ಲವನ್ನೂ ಕಲಸಿ ಅಲ್ಲಲ್ಲೇ ಬಿಟ್ಟುಹೋಗುತ್ತದೆ. ಇಂಥ ದಿಬ್ಬಗಳಿಗೆ ಮೊರೇನ್ ಅನ್ನುತ್ತಾರೆ.

ನೋಡುವುದಕ್ಕೆ ದರಿದ್ರ ನೆಲ. ಆದರೆ ಒಳಗೆ ಸಿರಿವಂತ. ಬಂಡೆ ಆಗತಾನೆ ಒಡೆದದ್ದರಿಂದ ಅದರಲ್ಲಿದ್ದ ಸುಣ್ಣ, ಪೊಟ್ಯಾಷ್, ಮೆಗ್ನೀಸಿಯಂ ಯಾವುದನ್ನೂ ಮಳೆ ಇನ್ನೂ ತೊಳೆದುಕೊಂಡು ಹೋಗಿಲ್ಲ. ಅಪಟೈಟ್ ಎಂಬ ಖನಿಜದಲ್ಲಿ ರಂಜಕವೂ ಹಾಗೇ ಕೂತಿರುತ್ತದೆ. ಇಲ್ಲದಿರುವುದು ಸಾರಜನಕ. ಹೆಚ್ಚಿನ ಬಂಡೆಗಳಲ್ಲಿ ಸಾರಜನಕ ಅನ್ನುವುದು ಲೆಕ್ಕಕ್ಕೆ ಸಿಗುವಷ್ಟೂ ಇರುವುದಿಲ್ಲ. ಗಾಳಿಯಲ್ಲಿ ಶೇಕಡಾ 78ರಷ್ಟಿದೆ ನಿಜ, ಆದರೆ ಗಿಡಗಳಿಗೆ ಅದನ್ನು ನೇರವಾಗಿ ಹೀರಿಕೊಳ್ಳಲು ಬರುವುದಿಲ್ಲ. ಗಾಳಿಯಿಂದ ಅದನ್ನು ಇಳಿಸಿ ನೆಲಕ್ಕೆ ಸೇರಿಸುವವರು ಯಾರಾದರೂ ಬೇಕು.

ಈ ವಿಷಯದಲ್ಲಿ ಜಗತ್ತಿಗೆ ಪಾಠಶಾಲೆಯಂತಿರುವ ಜಾಗ ಅಮೆರಿಕದ ಅಲಾಸ್ಕಾದ ಗ್ಲೇಸಿಯರ್ ಬೇ. 1794ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರನ ಹಡಗಿನವರು ಅಲ್ಲಿಗೆ ಬಂದಾಗ ಕೊಲ್ಲಿ ಅನ್ನುವುದೇ ಇರಲಿಲ್ಲ. ಬಾಯಿಗೆ ಅಡ್ಡವಾಗಿ ಹಿಮದ ಗೋಡೆ ನಿಂತಿತ್ತು. 1879ರಲ್ಲಿ ಪ್ರಕೃತಿಪ್ರೇಮಿ ಜಾನ್ ಮ್ಯೂರ್ ಹೋಗಿ ನೋಡಿದಾಗ ಹಿಮ 48 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. 1916ರ ಹೊತ್ತಿಗೆ ಕೊಲ್ಲಿಯ ಬಾಯಿಯಿಂದ ಹಿಮದ ಅಂಚಿಗೆ ಸುಮಾರು 105 ಕಿಲೋಮೀಟರ್. ಮಂಜೇಶ್ವರದಿಂದ ಹೊರಟು ಪಯ್ಯನ್ನೂರು ದಾಟಿ ಇನ್ನೂ ಮುಂದೆ ಹೋದಷ್ಟು ದೂರ. ಅಲ್ಲಿ ದೋಣಿಯಲ್ಲಿ ಹಿಮದ ಅಂಚಿನಿಂದ ಬಾಯಿಯ ಕಡೆಗೆ ಬಂದರೆ, ದಡದಲ್ಲಿ ಮೊದಲು ಹತ್ತು ವರ್ಷದ ನೆಲ ಸಿಗುತ್ತದೆ, ಆಮೇಲೆ ಐವತ್ತು ವರ್ಷದ್ದು, ಆಮೇಲೆ ನೂರು, ಇನ್ನೂರು. ದಾರಿಯುದ್ದಕ್ಕೂ ನೆಲದ ವಯಸ್ಸು ಏರುತ್ತಾ ಹೋಗುತ್ತದೆ.

ಇದನ್ನು ಕಂಡು ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿ 1916ರಲ್ಲಿ ಅಲ್ಲಿ ಒಂದೊಂದು ಚದರ ಮೀಟರಿನ ಕೆಲವು ತುಂಡು ಜಾಗಗಳನ್ನು ಗುರುತು ಹಾಕಿ, ಒಳಗಿದ್ದ ಪ್ರತಿ ಗಿಡವನ್ನೂ ಬರೆದಿಟ್ಟುಕೊಂಡರು. ಆಮೇಲೆ ಮತ್ತೆ ಮತ್ತೆ ಹೋಗಿ ಅದೇ ಜಾಗವನ್ನು ನೋಡಿದರು. ಆ ಕೊಲ್ಲಿಯನ್ನು 1925ರಲ್ಲಿ ಅಮೆರಿಕ ಸರಕಾರ ರಕ್ಷಿತ ಪ್ರದೇಶ ಎಂದು ಸಾರಿದ್ದರ ಹಿಂದೆಯೂ ಕೂಪರ್ ಅವರ ಓಡಾಟ ಇತ್ತು.

ಮೊದಲು ಬರುವವರು ಯಾರು?

ಶಾಲೆಯಲ್ಲಿ ಓದಿದ್ದು ನೆನಪಿದ್ದರೆ ಕಲ್ಲುಹೂವು ಅಂತ ಹೇಳುತ್ತೀರಿ. ಪೂರ್ತಿ ತಪ್ಪಲ್ಲ. ಆದರೆ ಅದಕ್ಕೂ ಮೊದಲು ಬರುವವರಿದ್ದಾರೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಪೆರು ದೇಶದಲ್ಲಿ 5000 ಮೀಟರ್ ಎತ್ತರದ ಪುಕಾ ಹಿಮನದಿಯ ಮುಂದಿನ ನೆಲವನ್ನು ಪರೀಕ್ಷೆ ಮಾಡಿದ ವಿಜ್ಞಾನಿಗಳಿಗೆ ಗಿಡ ಬರುವುದಕ್ಕಿಂತ ಎಷ್ಟೋ ಮೊದಲೇ, ಹಿಮ ಸರಿದ ನಾಲ್ಕೈದು ವರ್ಷದಲ್ಲೇ, ಸಯನೋಬ್ಯಾಕ್ಟೀರಿಯಾಗಳು ಸಿಕ್ಕಿದವು. ನೀಲಿಹಸಿರು ಪಾಚಿ ಅಂತ ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದದ್ದು ಇದನ್ನೇ. ಇವು ಬಿಸಿಲಿನಿಂದ ಅನ್ನ ಮಾಡಿಕೊಳ್ಳುತ್ತವೆ, ಇವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನೂ ಇಳಿಸಿಕೊಳ್ಳುತ್ತವೆ. ಅಂಟಿನಂತಹ ಪದಾರ್ಥ ಸುರಿಸಿ ಸಡಿಲ ಮರಳನ್ನು ಕಟ್ಟಿಹಾಕುತ್ತವೆ. ಗ್ಲೇಸಿಯರ್ ಬೇಯಲ್ಲೂ ಶುರುವಿನ ವರ್ಷಗಳಲ್ಲಿ ನೆಲದ ಮೇಲೆ ಒಂದು ಕಪ್ಪು ಹೊಪ್ಪಳೆ ಕಟ್ಟುತ್ತದೆ.

ಈ ಹೊಪ್ಪಳೆಯನ್ನು ನೋಡಬೇಕಾದರೆ ವಿಮಾನ ಹತ್ತಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ಪಾದೆಗಳ, ಅಂದರೆ ಗುಡ್ಡೆಯ ಮೇಲಿನ ಬೋಳು ಕಲ್ಲುಹಾಸುಗಳ, ಬಣ್ಣ ನೋಡಿ. ಮುರಕಲ್ಲು ಒಡೆದರೆ ಒಳಗೆ ಕೆಂಪು, ಆದರೆ ಮೇಲೆ ಕಪ್ಪು. ಬಿಸಿಲಿಗೆ ಸುಟ್ಟು ಕಪ್ಪಾಗಿದೆ ಅಂತ ಹಲವರು ತಿಳಿದುಕೊಂಡಿದ್ದಾರೆ. ಆ ಕಪ್ಪಿನ ಬಹುಪಾಲು ಜೀವ ಇರುವಂಥದ್ದು. ಸೈಟೋನೀಮಾ ಮುಂತಾದ ಸಯನೋಬ್ಯಾಕ್ಟೀರಿಯಾಗಳ ಎಳೆಗಳು ಒಣಗಿ ಕಲ್ಲಿಗೆ ಅಂಟಿಕೊಂಡಿರುತ್ತವೆ. ಸತ್ತಿಲ್ಲ, ನಿದ್ದೆಯಲ್ಲಿವೆ. ಕೈಯಿಂದ ಸ್ವಲ್ಪ ನೀರು ಚಿಮುಕಿಸಿ, ಕಾದು, ಬೆರಳಿನಿಂದ ಉಜ್ಜಿದರೆ ಕಪ್ಪು ಪುಡಿ ಮೆತ್ತಗಾಗಿ ಜಾರತೊಡಗುತ್ತದೆ. ಜೂನ್ ಮಳೆ ಬಿದ್ದ ಮೇಲೆ ಪಾದೆಯ ಮೇಲೆ ಕಾಲಿಟ್ಟವರು ಜಾರಿ ಬೀಳುವುದು ಇದರಿಂದಲೇ. ಅಲಾಸ್ಕಾದಲ್ಲೂ ಕಾಸರಗೋಡಿನಲ್ಲೂ ಬೋಳು ಕಲ್ಲಿನ ಮೇಲೆ ಮೊದಲು ಬಿಡಾರ ಹೂಡುವವು ಒಂದೇ ಬಳಗದ ಜೀವಿಗಳು.

ಇನ್ನೊಂದು ಸೋಜಿಗ ಇದೆ. ಹುಲ್ಲು ಬಂದ ಮೇಲೆ ಹುಲ್ಲು ತಿನ್ನುವ ಹುಳ, ಹುಳ ಬಂದ ಮೇಲೆ ಹುಳ ತಿನ್ನುವ ಜೇಡ ಅಂತ ನಮ್ಮ ಲೆಕ್ಕಾಚಾರ. ಆದರೆ ಆರ್ಕ್‌ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಗಿಡ ಸರಿಯಾಗಿ ಬರುವ ಮೊದಲೇ ಜೇಡಗಳು ಬಂದು ಕೂತಿದ್ದವು. ಏನು ತಿನ್ನುತ್ತಿದ್ದವು? ಗಾಳಿಯಲ್ಲಿ ತೇಲಿಬಂದು ಬೀಳುವ ಸಣ್ಣ ನೊಣ, ಗಿಡಹೇನುಗಳನ್ನು. ಜೇಡದ ಬಲೆಗೆ ಬಿದ್ದದ್ದು, ಅದರ ಹಿಕ್ಕೆ, ಸತ್ತ ಜೇಡ ಎಲ್ಲವೂ ಆ ಬಡ ನೆಲಕ್ಕೆ ಮೊದಲ ಗೊಬ್ಬರ. ನಾರ್ವೆಯಲ್ಲಂತೂ ಇನ್ನೂ ವಿಚಿತ್ರ. ಹಾರ್ಡಾಂಗರ್ ಹಿಮರಾಶಿಯ ಹತ್ತಿರ ಜೀವಂತವಾಗಿ ಓಡಾಡುತ್ತಿದ್ದ ಜೀರುಂಡೆಗಳಿಗೆ ಇಂಗಾಲದ ಕಾಲನಿರ್ಣಯ ಮಾಡಿದರೆ ಅವುಗಳ ವಯಸ್ಸು ನೂರಾರು ವರ್ಷ ಅಂತ ಬಂತು. ಕಾರಣ ಇಷ್ಟೆ: ಹಿಮದೊಳಗೆ ಸಿಕ್ಕಿಕೊಂಡಿದ್ದ ಹಳೇ ಕಾಲದ ಇಂಗಾಲ ಕರಗುನೀರಿನ ಜೊತೆ ಹೊರಬಂದು, ಸಣ್ಣ ಜೀವಿಗಳ ಹೊಟ್ಟೆ ಸೇರಿ, ಅವುಗಳನ್ನು ತಿಂದ ಜೀರುಂಡೆಯ ಮೈ ಸೇರಿತ್ತು. ಅಂದರೆ ಹೊಸ ನೆಲದ ಮೊದಲ ಊಟದಲ್ಲಿ ಸ್ವಲ್ಪ ಭಾಗ ಹಳೇ ದಾಸ್ತಾನಿನದು.

ಗ್ಲೇಸಿಯರ್ ಬೇಯಲ್ಲಿ ಕಪ್ಪು ಹೊಪ್ಪಳೆಯ ನಂತರ ಡ್ರಯಾಸ್ ಎಂಬ ಚಾಪೆಯಂತೆ ಹರಡುವ ಗಿಡ, ವಿಲ್ಲೋ ಪೊದೆ, ಆಮೇಲೆ ಆಲ್ಡರ್ ಬರುತ್ತವೆ. ಆಲ್ಡರ್ ಬಂದ ಮೇಲೆ ಕಥೆಗೆ ವೇಗ ಸಿಗುತ್ತದೆ. ಆಳೆತ್ತರ ಮೀರಿ ಬೆಳೆಯುವ ದಟ್ಟ ಪೊದೆ ಅದು, ನುಗ್ಗಿ ನಡೆಯುವುದೇ ಕಷ್ಟ. ಅದರ ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಾಣು ಕೂತು ಗಾಳಿಯ ಸಾರಜನಕವನ್ನು ಇಳಿಸುತ್ತದೆ. ಒಂದು ಹೆಕ್ಟೇರ್ ಆಲ್ಡರ್ ಪೊದೆ ವರ್ಷಕ್ಕೆ ಸುಮಾರು 60 ಕಿಲೋ ಸಾರಜನಕ ಸೇರಿಸುತ್ತದೆ ಅಂತ ಒಂದು ಲೆಕ್ಕ ಇದೆ. ತೋಟದ ಭಾಷೆಯಲ್ಲಿ ಹೇಳಬೇಕಾದರೆ 45 ಕಿಲೋದ ಯೂರಿಯಾ ಚೀಲ ಸುಮಾರು ಮೂರು. ಅದೂ ಪ್ರತಿ ವರ್ಷ, ಹೊರುವ ಕೂಲಿಯಿಲ್ಲದೆ.

ಫ್ರಾಂಕಿಯಾ ಅಂದರೆ ದೂರದ ಹೆಸರು ಅನ್ನಿಸಬಹುದು. ಆದರೆ ನಮ್ಮ ಕಡಲಕರೆಯ ಗಾಳಿಮರದ ಬೇರಿನಲ್ಲಿರುವುದೂ ಅದೇ ಕುಲದ ಸೂಕ್ಷ್ಮಾಣು. ಕಾಞಂಗಾಡ್ ಕಡೆಯೋ ಕುಂಬಳೆ ಕಡೆಯೋ ಮರಳಿನಲ್ಲಿ ನಿಂತ ಗಾಳಿಮರದ ಬುಡದಲ್ಲಿ ಕೈಯಿಂದ ಸ್ವಲ್ಪ ಮರಳು ಸರಿಸಿ ನೋಡಿ. ಸಣ್ಣ ಬೇರುಗಳ ಮೇಲೆ ಕಂದು ಬಣ್ಣದ, ಕವಲು ಕವಲಾಗಿ ಗೊಂಚಲು ಕಟ್ಟಿದ, ಚಿವುಟಿದರೆ ಸ್ವಲ್ಪ ಗಡುಸಾದ ಗಂಟುಗಳು ಸಿಕ್ಕಿದರೆ ಅದೇ. ಹೆಸರು, ಹುರುಳಿ, ಅಲಸಂಡೆಯ ಬೇರಿನಲ್ಲಿರುವ ಮೆತ್ತನೆಯ ದುಂಡು ಗಂಟು ಬೇರೆ ಜಾತಿ, ಅದರೊಳಗೆ ಇರುವುದು ರೈಝೋಬಿಯಂ ಎಂಬ ಬೇರೆ ಸೂಕ್ಷ್ಮಾಣು. ಅದನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣುತ್ತದೆ. ಗುಲಾಬಿ ಇದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಉಪ್ಪುಗಾಳಿಯ ಬರೀ ಮರಳಿನಲ್ಲಿ ಗಾಳಿಮರ ಅಷ್ಟು ಸಲೀಸಾಗಿ ಬೆಳೆಯುವುದು, ಮೊರೇನಿನ ಜಲ್ಲಿಯಲ್ಲಿ ಆಲ್ಡರ್ ಬೆಳೆಯುವುದು, ಎರಡರ ಹಿಂದಿನ ಗುಟ್ಟೂ ಒಂದೇ.

ಆಲ್ಡರ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹಿಮ ಬಿಟ್ಟುಹೋದ ನೆಲದಲ್ಲಿ ಸುಣ್ಣದ ಅಂಶ ಜಾಸ್ತಿ, ಅಲ್ಲಿ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 8. ಆಲ್ಡರ್ ಎಲೆ ಬಿದ್ದು ಕೊಳೆತು ಹುಳಿ ಬಿಡುತ್ತಾ ಹೋದ ಹಾಗೆ 50 ವರ್ಷದ ಒಳಗೇ ಮೇಲ್ಪದರದ ಪಿಎಚ್ 5ಕ್ಕೆ ಇಳಿಯುತ್ತದೆ. ಕ್ರಾಕರ್ ಮತ್ತು ಮೇಜರ್ ಎಂಬ ಇಬ್ಬರು 1955ರಲ್ಲಿ ಪ್ರಕಟಿಸಿದ ಅಳತೆ ಇದು. ಗಿಡ ಬಾರದ ಬೋಳು ಜಾಗದಲ್ಲಿ ಅದೇ ಮಳೆ ಬಿದ್ದರೂ ಅಷ್ಟು ಬೇಗ ಇಳಿಯುವುದಿಲ್ಲ. ಮಣ್ಣಿನಿಂದ ಗಿಡ ಅಂತ ನಾವು ಹೇಳುತ್ತೇವೆ. ಇಲ್ಲಿ ಗಿಡದಿಂದ ಮಣ್ಣು.

ಆಮೇಲೆ ಸೂಜಿಯೆಲೆಯ ಸ್ಪ್ರೂಸ್ ಮರಗಳು ತಲೆ ಎತ್ತಿ ಆಲ್ಡರ್ ಮೇಲೆ ನೆರಳು ಹಾಕುತ್ತವೆ, ಬಿಸಿಲು ಸಿಗದೆ ಆಲ್ಡರ್ ಸಾಯುತ್ತದೆ. ಕಾಲ ಕಳೆದ ಹಾಗೆ ಹೆಮ್ಲಾಕ್ ಎಂಬ ಇನ್ನೊಂದು ಸೂಜಿಯೆಲೆಯ ಮರವೂ ಸೇರಿಕೊಳ್ಳುತ್ತದೆ. ಹಳೆಯ ಪುಸ್ತಕಗಳಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ, ಚಿತ್ರ ಸಮೇತ ಇರುತ್ತದೆ: ಒಬ್ಬ ಬಂದು ಜಾಗ ಹದ ಮಾಡಿ ಮುಂದಿನವನಿಗೆ ಬಿಟ್ಟುಕೊಟ್ಟ ಅಂತ. ಓದುವುದಕ್ಕೆ ಚಂದ. ನನಗೆ ಈ ಚಂದದ ಮೇಲೇ ಸ್ವಲ್ಪ ಗುಮಾನಿ. ಪ್ರಕೃತಿಯಲ್ಲಿ ಯಾರೂ ಯಾರಿಗೂ ಸುಮ್ನೆ ಜಾಗ ಬಿಟ್ಟುಕೊಡುವುದಿಲ್ಲ.

ಗುಮಾನಿಗೆ ಆಧಾರವೂ ಇದೆ. 1995ರಲ್ಲಿ ಕ್ರಿಸ್ಟೋಫರ್ ಫಾಸ್ಟಿ ಎಂಬ ವಿಜ್ಞಾನಿ ಗ್ಲೇಸಿಯರ್ ಬೇಯ ಬೇರೆ ಬೇರೆ ವಯಸ್ಸಿನ ಜಾಗಗಳ ಮರಗಳ ಉಂಗುರ ಎಣಿಸಿ ನೋಡಿದರು. ಈಗ ದೊಡ್ಡ ಸ್ಪ್ರೂಸ್ ಕಾಡಿರುವ ಹಳೆಯ ಜಾಗಗಳು ಒಂದು ಕಾಲದಲ್ಲಿ ಆಲ್ಡರ್ ಪೊದೆಯಾಗಿದ್ದವು ಅಂತ ಎಲ್ಲರೂ ನಂಬಿದ್ದರು. ಉಂಗುರಗಳು ಬೇರೆಯೇ ಹೇಳಿದವು. ಹಳೆಯ ಜಾಗಗಳಲ್ಲಿ ಸ್ಪ್ರೂಸ್ ಶುರುವಿನಲ್ಲೇ ಬಂದುಬಿಟ್ಟಿತ್ತು, ಯಾಕೆಂದರೆ ಬೀಜ ಕೊಡುವ ಮರಗಳು ಹತ್ತಿರದಲ್ಲೇ ಇದ್ದವು. ಹಿಮ ದೂರ ಸರಿದ ಹಾಗೆ ಬೀಜದ ಮರಗಳೂ ದೂರವಾದವು, ಅಲ್ಲಿ ಆಲ್ಡರ್ ಮೇಲುಗೈ ಪಡೆಯಿತು. ಅಂದರೆ ಇಂದಿನ 50 ವರ್ಷದ ನೆಲ ಇನ್ನು 150 ವರ್ಷ ಬಿಟ್ಟು ಇಂದಿನ 200 ವರ್ಷದ ನೆಲದ ಹಾಗೇ ಆಗುತ್ತದೆ ಅಂತ ಹೇಳುವ ಹಾಗಿಲ್ಲ. ಆಲ್ಡರ್ ಸ್ಪ್ರೂಸಿಗೆ ಗೊಬ್ಬರ ಕೊಡುವುದೂ ನಿಜ, ಬಿಸಿಲು ಕಟ್ಟಿ ಸಸಿಗಳನ್ನು ಕೊಲ್ಲುವುದೂ ನಿಜ.

ಕೂಪರ್ ಗುರುತು ಹಾಕಿದ್ದ ಜಾಗಗಳು ಬಹುಕಾಲ ಕಾಡಿನೊಳಗೆ ಕಳೆದುಹೋಗಿದ್ದವು. ನೂರು ವರ್ಷ ತುಂಬುವ ಹೊತ್ತಿಗೆ, 2016ರಲ್ಲಿ, ಬ್ರಯನ್ ಬೂಮಾ ಮತ್ತು ಸಂಗಡಿಗರು ಹಳೆಯ ಟಿಪ್ಪಣಿ ಹಿಡಿದುಕೊಂಡು ಹೋಗಿ ಅವುಗಳನ್ನು ಹುಡುಕಿ ತೆಗೆದರು. ಪುಸ್ತಕದ ಪ್ರಕಾರ ಅಲ್ಲಿ ಮೆಟ್ಟಿಲುಗಳು ಕಾಣಬೇಕಿತ್ತು. ಕಂಡದ್ದು ಬೇರೆ. ಯಾರು ಮೊದಲು ಬಂದು ಕೂತರೋ ಅವರೇ ಹಲವು ಕಡೆ ನೂರು ವರ್ಷದ ನಂತರವೂ ಉಳಿದಿದ್ದರು. ವಿಲ್ಲೋ ಬಂದಲ್ಲಿ ವಿಲ್ಲೋ. ಪಕ್ಕಪಕ್ಕದ ಜಾಗಗಳೂ ಒಂದರಂತೆ ಒಂದಿರಲಿಲ್ಲ. ಗಾಳಿ ಯಾವ ಬೀಜ ತಂದು ಎಲ್ಲಿ ಬೀಳಿಸಿತು ಅನ್ನುವ ಅದೃಷ್ಟಕ್ಕೂ ಇಲ್ಲಿ ದೊಡ್ಡ ಪಾಲಿದೆ.

ಹಿಮಾಲಯಕ್ಕೆ ಬಂದರೆ ನಮಗೆ ಹತ್ತಿರದ ಉದಾಹರಣೆ ಗಂಗೋತ್ರಿ ಹಿಮನದಿ. ಅದರ ಮೂತಿ, ಅಂದರೆ ಕೆಳತುದಿ, ಇರುವ ಜಾಗವನ್ನು 1935ರಲ್ಲಿ ಅಳೆದು ನಕ್ಷೆ ಮಾಡಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜಾನ್ ಆಡನ್. ಇಂಗ್ಲಿಷ್ ಕವಿ ಡಬ್ಲ್ಯೂ. ಎಚ್. ಆಡನ್‌ರ ಅಣ್ಣ. ಅಲ್ಲಿಂದ 1996ರೊಳಗೆ ಆ ಮೂತಿ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ಗೋಮುಖದ ದಾರಿಯಲ್ಲಿ ಭೋಜಬಾಸಾ ಅಂತ ಒಂದು ತಂಗುವ ಜಾಗ ಸಿಗುತ್ತದೆ. ಭೋಜ ಅಂದರೆ ಹಿಂದಿನವರು ತೊಗಟೆಯ ಮೇಲೆ ಗ್ರಂಥ ಬರೆಯುತ್ತಿದ್ದ ಭೂರ್ಜ ಮರ. ಹೆಸರಿಗೆ ತಕ್ಕಷ್ಟು ಮರ ಈಗ ಅಲ್ಲಿ ಇಲ್ಲ, ಸೌದೆಗೆ ಹೋಗಿದೆ. ಲಾಹೌಲ್, ಲಡಾಖ್ ಕಡೆ ಹೊಳೆದಂಡೆಯ ಜಲ್ಲಿಯಲ್ಲಿ ಸೀಬಕ್‌ಥಾರ್ನ್ ಎಂಬ ಮುಳ್ಳುಪೊದೆ ಬೆಳೆಯುತ್ತದೆ. ಅದರ ಕಿತ್ತಳೆ ಬಣ್ಣದ ಹಣ್ಣಿನ ರಸ ಲೇಹ್ ಬೆರಿ ಅಂತ ಮಾರಾಟಕ್ಕೂ ಬಂದಿದೆ. ಅದರ ಬೇರಿನಲ್ಲೂ ಫ್ರಾಂಕಿಯಾವೇ.

ಇಲ್ಲಿವರೆಗೆ ಹೇಳಿದ್ದು ಬಾಲ್ಯ, ಯೌವನ. ಮುಪ್ಪು ಹೇಗೆ ಬರುತ್ತದೆ?

ಮಣ್ಣು ಹೇಗಿರಬೇಕು ಅಂತ ತೀರ್ಮಾನ ಮಾಡುವ ಸಂಗತಿಗಳು ಐದು ಅಂತ 1941ರಲ್ಲೇ ಹಾನ್ಸ್ ಯೆನ್ನಿ ಎಂಬ ಮಣ್ಣುವಿಜ್ಞಾನಿ ಹೇಳಿದ್ದರು: ಹವೆ, ಜೀವಿಗಳು, ನೆಲದ ಏರಿಳಿತ, ಮೂಲ ಬಂಡೆ, ಕಾಲ. ಅಲಾಸ್ಕಾಕ್ಕೂ ಕಾಸರಗೋಡಿಗೂ ಈ ಐದರಲ್ಲಿ ದೊಡ್ಡ ಅಂತರ ಹವೆಯದ್ದು, ಕಾಲದ್ದು. ಒಂದು ಇಂಚು ಮಣ್ಣಾಗಲು ಐನೂರು ವರ್ಷ ಬೇಕು, ಸಾವಿರ ವರ್ಷ ಬೇಕು ಅಂತ ಪರಿಸರ ದಿನದ ಭಾಷಣಗಳಲ್ಲಿ ಕೇಳುತ್ತೇವಲ್ಲ, ಅದನ್ನು ಎಲ್ಲ ಊರಿಗೂ ಒಂದೇ ಲೆಕ್ಕ ಅಂತ ತೆಗೆದುಕೊಳ್ಳಬಾರದು. ಬಿಸಿ ಏರಿದ ಹಾಗೆ ರಾಸಾಯನಿಕ ಕ್ರಿಯೆ ಜೋರಾಗುತ್ತದೆ, ನೀರು ಹೆಚ್ಚಿದ ಹಾಗೆ ತೊಳೆಯುವುದು ಜಾಸ್ತಿಯಾಗುತ್ತದೆ. ವರ್ಷವಿಡೀ ಸೆಕೆ, ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ ಇರುವ ನಮ್ಮಲ್ಲಿ ಬಂಡೆ ಕೊಳೆಯುವ ವೇಗವೇ ಬೇರೆ.

ಆ ಕೊಳೆಯುವಿಕೆಯ ಬಗೆಯೂ ಬೇರೆ. ಸ್ಪ್ರೂಸ್ ಕಾಡಿನ ತಣ್ಣನೆಯ ಹುಳಿ ಮಣ್ಣಿನಲ್ಲಿ ಎಲೆಗೊಬ್ಬರದ ಆಮ್ಲಗಳು ಕಬ್ಬಿಣವನ್ನು ಹಿಡಿದುಕೊಂಡು ಕೆಳಗೆ ಇಳಿಸುತ್ತವೆ. ಮೇಲೆ ಬೂದಿಬಣ್ಣದ ಪದರ ಉಳಿಯುತ್ತದೆ, ಕೆಳಗೆ ಕಂದುಕೆಂಪಿನದ್ದು. ಇದಕ್ಕೆ ಪೋಡ್ಸೋಲ್ ಅನ್ನುತ್ತಾರೆ. ನಮ್ಮಲ್ಲಿ ಉಲ್ಟಾ. ಇಲ್ಲಿ ತೊಳೆದುಹೋದದ್ದು ಸಿಲಿಕಾ, ಸುಣ್ಣ, ಪೊಟ್ಯಾಷ್. ಕಬ್ಬಿಣ, ಅಲ್ಯುಮಿನಿಯಂ ಉಳಿದವು. ಹಾಗಾಗಿ ಕೆಂಪು. ಬಾವಿ ತೋಡುವವರಿಗೆ ಇದರ ಪದರಗಳು ಚೆನ್ನಾಗಿ ಗೊತ್ತು: ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಹೋದ ಹಾಗೆ ಮೆತ್ತಗೆ, ಆಮೇಲೆ ಬಿಳಿ-ಗುಲಾಬಿ ಶೇಡಿ ಮಣ್ಣು, ಅದರಡಿಯಲ್ಲಿ ಕಪ್ಪು ಬಂಡೆ. ಬಾಯಾರು, ಎಣ್ಮಕಜೆ ಕಡೆ ನಮ್ಮ ಹಿರಿಯರು ಹಾರೆ ಪಿಕ್ಕಾಸು ಹಿಡಿದು ಗುಡ್ಡೆಯೊಳಕ್ಕೆ ನೀರಿನ ಸುರಂಗ ಕೊರೆಯಲು ಸಾಧ್ಯವಾದದ್ದು ಬಂಡೆ ಇಷ್ಟು ಕೊಳೆತು ಮೆತ್ತಗಾದದ್ದರಿಂದ. ಇದೇ ಕಲ್ಲಿನ ಬಗ್ಗೆ 1807ರಲ್ಲಿ ಬರೆದು ಲ್ಯಾಟರೈಟ್ ಅಂತ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪ್ಪುರದಲ್ಲಿ ಅದನ್ನು ಪಿಕ್ಕಾಸಿನಿಂದ ಕಡಿದು ಇಟ್ಟಿಗೆ ಮಾಡುವುದನ್ನು ನೋಡಿದ ಮೇಲೆ.

ಇನ್ನು ರಂಜಕದ ವಿಷಯ. ಸಾರಜನಕವನ್ನು ಗಾಳಿಯಿಂದ ಎಷ್ಟು ಬೇಕಾದರೂ ಇಳಿಸಬಹುದು. ರಂಜಕ ಹಾಗಲ್ಲ. ಮೂಲ ಬಂಡೆಯಲ್ಲಿ ಎಷ್ಟಿತ್ತೋ ಅಷ್ಟೇ ಬಂಡವಾಳ. ಮಳೆಗೆ ಸ್ವಲ್ಪ ಸ್ವಲ್ಪ ತೊಳೆದುಹೋಗುತ್ತದೆ. ಉಳಿದದ್ದನ್ನು ಕಬ್ಬಿಣ, ಅಲ್ಯುಮಿನಿಯಂ ಹಿಡಿದು ಬೀಗ ಹಾಕುತ್ತವೆ, ಬೇರಿಗೆ ಸಿಗುವುದಿಲ್ಲ. ಮಣ್ಣು ಹಳೆಯದಾದ ಹಾಗೆ ರಂಜಕ ಹೀಗೆ ಕರಗುತ್ತಾ, ಬೀಗದೊಳಗೆ ಸೇರುತ್ತಾ ಹೋಗುತ್ತದೆ ಅಂತ 1976ರಲ್ಲಿ ವಾಕರ್ ಮತ್ತು ಸೈಯರ್ಸ್ ಎಂಬಿಬ್ಬರು ತೋರಿಸಿದರು. ನ್ಯೂಜಿಲೆಂಡಿನ ಫ್ರಾನ್ಜ್ ಜೋಸೆಫ್ ಹಿಮನದಿಯ ಸುತ್ತ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಆಗತಾನೆ ಹಿಮ ಸರಿದ ನೆಲದಿಂದ ಹಿಡಿದು 1,20,000 ವರ್ಷದ ಹಿಂದೆ ಸರಿದ ನೆಲದವರೆಗೆ ಸಾಲಾಗಿ ಸಿಗುತ್ತದೆ. ನಮಗಿಂತಲೂ ಜಾಸ್ತಿ ಮಳೆ. ನಡುವಯಸ್ಸಿನ ನೆಲದಲ್ಲಿ ಎತ್ತರದ ಕಾಡು. ತೀರಾ ಹಳೆಯ ನೆಲದಲ್ಲಿ ಕಾಡು ಮತ್ತೆ ಕುಳ್ಳಗಾಗುತ್ತದೆ, ಗಿಡಗಳು ಸೊರಗುತ್ತವೆ. ಬೆಂಕಿ ಬಿದ್ದಿಲ್ಲ, ಯಾರೂ ಕಡಿದಿಲ್ಲ. ರಂಜಕ ಮುಗಿಯುತ್ತಾ ಬಂದಿದೆ, ಅಷ್ಟೆ. ಕಾಡು ಒಮ್ಮೆ ಬೆಳೆದರೆ ಬೆಳೆದೇ ಇರುತ್ತದೆ ಅನ್ನುವ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

1,20,000 ವರ್ಷಕ್ಕೇ ಹೀಗಾದರೆ ನಮ್ಮ ಗುಡ್ಡೆಗಳ ಕಥೆ ಕೇಳಬೇಕೇ? ಪಶ್ಚಿಮ ಕರಾವಳಿಯ ಮುರಕಲ್ಲಿನ ಕೆಲವು ಪದರಗಳು ಕೋಟಿಗಟ್ಟಲೆ ವರ್ಷ ಹಳೆಯವು. ಈ ಭಾಗಕ್ಕೆ ಹಿಮನದಿ ಬಂದು ಹಳೆಯದನ್ನು ಕೆರೆದು ಹೊಸ ಬಂಡೆ ಹೊರಹಾಕಲಿಲ್ಲ. ಜ್ವಾಲಾಮುಖಿಯ ಹೊಸ ಬೂದಿಯೂ ಬೀಳಲಿಲ್ಲ. ಮೇಲಿಂದ ಮಳೆ ಮಾತ್ರ.

ಅಂದ ಮಾತ್ರಕ್ಕೆ ನಮ್ಮ ಗುಡ್ಡೆ ಬೋಳಾದದ್ದಕ್ಕೆಲ್ಲ ಕಾಲವನ್ನೇ ದೂರುವಂತಿಲ್ಲ. ಅಡಿಕೆ ತೋಟದ ಪಕ್ಕದ ಕುಮ್ಕಿ ಗುಡ್ಡೆಯಿಂದ ತಲೆಮಾರುಗಳ ಕಾಲ ಸೊಪ್ಪು ಕಡಿದು ಹಟ್ಟಿಗೆ ಹಾಕಿದ್ದೇವೆ, ಹಟ್ಟಿಯಿಂದ ತೋಟಕ್ಕೆ. ಮಾಡಿಗೆ ಹೊದೆಸಲು ಮುಳಿಹುಲ್ಲು ಕೊಯ್ದಿದ್ದೇವೆ. ಹುಲ್ಲು ಚೆನ್ನಾಗಿ ಬರಲಿ ಅಂತ ಬೆಂಕಿ ಕೊಟ್ಟಿದ್ದೇವೆ. ಒಂದೊಂದು ಹೊರೆ ಸೊಪ್ಪಿನ ಜೊತೆಗೂ ಗುಡ್ಡೆಯ ರಂಜಕ ಸ್ವಲ್ಪ ಸ್ವಲ್ಪವಾಗಿ ಬೈಲಿಗೆ ಇಳಿದಿದೆ. ತೋಟ ಹಸಿರಾಗಿದ್ದು ಗುಡ್ಡೆ ಬೋಳಾದದ್ದರಲ್ಲಿ ಈ ಸಾಗಣೆಯ ಪಾಲು ಸಣ್ಣದಲ್ಲ.

ತೋಟದಲ್ಲಿ ಈಗ ಪರಿಸ್ಥಿತಿ ತಿರುಗಿದೆ ಅನ್ನುವುದನ್ನೂ ಹೇಳಿಬಿಡಬೇಕು. ರಂಜಕದ ಹಸಿವು ಅಂತ ಓದಿ ನಾಳೆಯೇ ಅಂಗಡಿಗೆ ಹೋಗಿ ಚೀಲ ತರಬೇಡಿ. ವರ್ಷಗಟ್ಟಲೆ ಮಿಶ್ರ ಗೊಬ್ಬರ ಸುರಿದ ಕೇರಳದ ಎಷ್ಟೋ ತೋಟಗಳಲ್ಲಿ ಮಣ್ಣು ಪರೀಕ್ಷೆ ಮಾಡಿಸಿದರೆ ರಂಜಕ ಬೇಕಾದ್ದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಕೊರತೆ ಸುಣ್ಣದ್ದು, ಮೆಗ್ನೀಸಿಯಂದು, ಬೋರಾನಿನದ್ದು. ಹಸಿವಿರುವುದು ಗೊಬ್ಬರ ಕಾಣದ ಗುಡ್ಡೆಗೆ.

ಅವಸರ ಮಾಡಿದರೆ?

ಬೋಳು ನೆಲ ನೋಡಿದರೆ ಮನುಷ್ಯನಿಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ಕುರಿ ಮೇಯ್ದು, ಮರ ಕಡಿದು, ಗಾಳಿಗೆ ಮಣ್ಣು ಹಾರಿಹೋಗಿ ನೆಲ ಬರಡಾಗಿತ್ತು. 1945ರಲ್ಲಿ ಅಲ್ಲಿನ ಅರಣ್ಯಾಧಿಕಾರಿ ಹಾಕೋನ್ ಬ್ಯಾರ್ನಾಸನ್ ಅಲಾಸ್ಕಾದಿಂದ ಲೂಪಿನ್ ಎಂಬ ನೀಲಿಹೂವಿನ ಗಿಡ ತಂದರು. ದ್ವಿದಳ ಜಾತಿ, ಬೇರಿನಲ್ಲೇ ಸಾರಜನಕದ ಕಾರ್ಖಾನೆ. ಲೆಕ್ಕ ಸರಿಯಾಗಿತ್ತು. ಬರಡು ಜಲ್ಲಿಯಲ್ಲಿ ಹಸಿರು ಬಂತು. ಆದರೆ ಲೂಪಿನ್ ಅಲ್ಲಿಗೇ ನಿಲ್ಲಲಿಲ್ಲ. ಪಾಚಿ, ಸ್ಥಳೀಯ ಸಣ್ಣ ಗಿಡ, ಬೆರಿ ಪೊದೆ ಇದ್ದ ನೆಲಕ್ಕೂ ನುಗ್ಗಿ ಅವುಗಳನ್ನು ಮುಚ್ಚಿಹಾಕಿತು. ಈಗ ಅದು ಬೇಕೋ ಬೇಡವೋ ಅಂತ ಆ ದೇಶದಲ್ಲೇ ಜಗಳ.

ನಮ್ಮಲ್ಲಿ ಅದರ ಜಾಗದಲ್ಲಿರುವುದು ಅಕೇಶಿಯಾ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಮುರಕಲ್ಲು ಗುಡ್ಡೆಗಳ ಮೇಲೆ ಸಾಲು ಸಾಲಾಗಿ ನೆಟ್ಟರು. ಇದೂ ಸಾರಜನಕ ಇಳಿಸುವ ಮರವೇ, ಬೇರಿಗೆ ಅಂಟಿದ ಶಿಲೀಂಧ್ರದ ಸಹಾಯದಿಂದ ರಂಜಕವನ್ನೂ ಹೇಗೋ ಎಳೆದುಕೊಳ್ಳುತ್ತದೆ. ಬೇಗ ಬೆಳೆಯುತ್ತದೆ, ಸೌದೆಗೆ ಆಗುತ್ತದೆ. ಆದರೆ ಅದರ ಗಡುಸು ಎಲೆ ಬೇಗ ಕೊಳೆಯುವುದಿಲ್ಲ. ಅಡಿಯಲ್ಲಿ ದಪ್ಪ ಹಾಸು ಕಟ್ಟಿ, ಬೇರೆ ಗಿಡ ಏಳುವುದು ಕಮ್ಮಿ.

ಅಲ್ಲದೆ ಬೋಳು ಪಾದೆ ನಿಜವಾಗಿ ಬೋಳೇ? ಮಳೆಗಾಲದಲ್ಲಿ ಹೋಗಿ ಬಗ್ಗಿ ನೋಡಬೇಕು. ಬೆರಳುದ್ದ ನೀರು ನಿಂತ ಕಡೆ ಓಣಂ ಹೊತ್ತಿಗೆ ಮಲಯಾಳಿಗಳು ಪೂಕ್ಕಳಕ್ಕೆ (ಹೂವಿನ ರಂಗೋಲಿಗೆ) ಕೀಳುವ ನೀಲಿ ಕಾಕ್ಕಪ್ಪೂ ಹಾಸಿರುತ್ತದೆ. ಅದು ಯುಟ್ರಿಕ್ಯುಲೇರಿಯಾ, ಬೇರಿನ ಹಾಗಿರುವ ಎಳೆಗಳ ಮೇಲಿನ ಸಣ್ಣ ಚೀಲಗಳಲ್ಲಿ ನೀರುಹುಳ ಹಿಡಿಯುವ ಗಿಡ. ಅಂಟುಹನಿ ತೋರಿಸಿ ನುಸಿ ಹಿಡಿಯುವ ಡ್ರೊಸೆರಾ ಅದರ ನೆರೆಯಲ್ಲೇ ಸಿಗುತ್ತದೆ. ಮಣ್ಣಿನಲ್ಲಿ ಸಾರಜನಕ, ರಂಜಕ ಸಿಗದ ಕಾರಣ ಹುಳದ ಮೈಯಿಂದ ತೆಗೆಯುವ ಉಪಾಯ. ಬಡತನವೇ ಇವುಗಳಿಗೆ ಬದುಕು. ಗೊಬ್ಬರ ಬಿದ್ದರೆ, ಮರದ ನೆರಳು ಬಿದ್ದರೆ, ಹುಲ್ಲು ಎತ್ತರ ಬೆಳೆದು ಇವು ಮಾಯ. ಹಾಗಾಗಿ ನೈಸರ್ಗಿಕ ಪಾದೆಯನ್ನು ಹಸಿರು ಮಾಡುತ್ತೇವೆ ಅಂತ ಹೊರಡುವವರ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅದನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು.

ಜಗತ್ತಿನಲ್ಲಿ ಇಂಥ ತೀರ್ಮಾನಗಳು ಇನ್ನು ಬಹಳ ಬರಲಿವೆ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ದೊಡ್ಡ ಹಿಮಹಾಸುಗಳನ್ನು ಬಿಟ್ಟು, ಉಳಿದ ಹಿಮನದಿಗಳು ಸರಿದು 2100ರೊಳಗೆ ಬಯಲಾಗುವ ಜಾಗ ಸುಮಾರು 1,49,000ದಿಂದ 3,39,000 ಚದರ ಕಿಲೋಮೀಟರ್ ಅಂತ 2023ರಲ್ಲಿ ಒಂದು ಅಂದಾಜು ಪ್ರಕಟವಾಯಿತು. ನಾವು ಇಂಗಾಲ ಎಷ್ಟು ಸುಡುತ್ತೇವೆ ಎಂಬುದರ ಮೇಲೆ ನಿಂತ ಲೆಕ್ಕ ಅದು. ಕಡಿಮೆ ಅಂದರೂ ಮೂರೂವರೆ ಕೇರಳಕ್ಕಿಂತ ಜಾಸ್ತಿ. ಆ ನೆಲದ ಬಹುಪಾಲಿಗೆ ಇನ್ನೂ ಕಾನೂನಿನ ರಕ್ಷಣೆ ಇಲ್ಲ. ಗಣಿಯವರು, ಅಣೆಕಟ್ಟಿನವರು ಬಂದೇ ಬರುತ್ತಾರೆ.

ಕೆಂಪುಕಲ್ಲಿನ ಕೋರೆಗಳ ಮಾತು ಬೇರೆ. ಅವು ನಾವೇ ಯಂತ್ರ ಇಟ್ಟು ಮಾಡಿದ ಬೋಳು. ಕಲ್ಲು ಮುಗಿದ ಮೇಲೆ ಚೌಕ ಚೌಕ ಹೊಂಡ ಬಿಟ್ಟುಹೋಗುತ್ತೇವೆ. ಆ ತಳ ಹಿಮ ಸರಿದ ನೆಲಕ್ಕಿಂತಲೂ ಬಡ, ಯಾಕೆಂದರೆ ಅಲ್ಲಿ ಸಾರಜನಕವೂ ಇಲ್ಲ, ರಂಜಕವೂ ಬೀಗದೊಳಗೆ. ಎಳೆತನದ ಹಸಿವು, ಮುಪ್ಪಿನ ಹಸಿವು ಎರಡೂ ಒಂದೇ ಕಡೆ. ಹಾಗೇ ಬಿಟ್ಟರೆ ಕಪ್ಪು ಹೊಪ್ಪಳೆ, ಹಾವಸೆ, ಹುಲ್ಲು ಅಂತ ಶುರುವಾಗಲು ಬಹಳ ಕಾಲ ಹಿಡಿಯುತ್ತದೆ. ಇಲ್ಲಿ ಕೈ ಹಾಕಬಹುದು, ಹಾಕಬೇಕು ಕೂಡ. ಕೋರೆ ತೆರೆಯುವಾಗ ಮೇಲಿನ ಒಂದು ಮೊಳ ಮಣ್ಣನ್ನು ಜೆಸಿಬಿಯಲ್ಲಿ ಕೆರೆದು ಎಲ್ಲೋ ಚೆಲ್ಲುತ್ತಾರೆ. ಬೀಜ, ಬೇರು, ಶಿಲೀಂಧ್ರ, ಇರುವ ಚೂರುಪಾರು ರಂಜಕ ಎಲ್ಲ ಇರುವುದು ಅದರಲ್ಲೇ. ಅದನ್ನು ಬದಿಯಲ್ಲಿ ರಾಶಿ ಹಾಕಿ, ಮೇಲೆ ಸೊಪ್ಪು ಮುಚ್ಚಿಟ್ಟು, ಕಲ್ಲು ತೆಗೆದಾದ ಮೇಲೆ ತಳಕ್ಕೆ ಮರಳಿ ಹರಡಬೇಕು. ಜೊತೆಗೆ ಸ್ವಲ್ಪ ಸುಣ್ಣ, ಹುಳಿ ಮಣ್ಣಿನಲ್ಲಿ ನಿಧಾನ ಕರಗುವ ರಾಕ್ ಫಾಸ್ಫೇಟ್ ಎಂಬ ರಂಜಕದ ಕಲ್ಲುಪುಡಿ. ಎರಡನ್ನೂ ಒಟ್ಟಿಗೆ ಸುರಿದರೆ ಸುಣ್ಣ ಹುಳಿಯನ್ನು ಕೊಂದು ಫಾಸ್ಫೇಟ್ ಕರಗದೆ ಉಳಿಯುತ್ತದೆ, ಹಾಗಾಗಿ ನಡುವೆ ಒಂದಷ್ಟು ತಿಂಗಳ ಅಂತರ ಇರಲಿ. ಅಂಚಿನಲ್ಲಿ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಕೋಲು ಊರುವುದು ಇದೆಲ್ಲ ಆದ ಮೇಲೆ.